ಈಚೆಗೆ ಮನೆಯಲ್ಲಿ ಕೂತು ನೋಡಿದ ಕೆಲವು ಸಿನಿಮಾ: ನಿಮಗೇನನ್ನಿಸಿತು?

ಹೇಮಾವತಿ_ದಡ

ಎಲ್ಲರಿಗೂ ನಮಸ್ಕಾರ. ಅಮ್ಮ, ತಮ್ಮ, ನಾನು ಮೂವರೂ ಸೇರಿ ಈಚೆಗೆ ಮನೆಯಲ್ಲೇ ಒಂದಷ್ಟು ಕನ್ನಡ ಸಿನಿಮಾ ನೋಡಿದೆವು. ವಿಮರ್ಶೆ ಅಂತ ಅಲ್ಲ, ಅನ್ನಿಸಿದ್ದನ್ನು ಹೇಳುತ್ತೇನೆ. ನೀವೂ ಹೇಳಿ.

ಮೊದಲು ಹಾಕಿದ್ದು ಗೋಧಿ ಬಣ್ಣ ಸಾಧಾರಣ ಮೈಕಟ್ಟು (2016). ಹೇಮಂತ್ ಎಂ. ರಾವ್ ನಿರ್ದೇಶಿಸಿದ ಮೊದಲ ಚಿತ್ರ. ಮರೆವಿನ ಕಾಯಿಲೆ ಇರುವ ವೆಂಕೋಬ್ ರಾವ್ ಕಳೆದುಹೋಗುತ್ತಾರೆ, ಮಗ ಶಿವ ಹುಡುಕಿಕೊಂಡು ಅಲೆಯುತ್ತಾನೆ. ಕಥೆ ಇಷ್ಟೇ. ಅನಂತ್ ನಾಗ್ ಅವರನ್ನು ನೋಡುತ್ತಾ ಕೂತರೆ ಸಾಕು. ಕೊಲೆ ಮಾಡಿ ಬಂದ ರೌಡಿ ರಂಗನ ವ್ಯಾನಿನಲ್ಲಿ ಕೂತಿದ್ದಾರೆ, ಮುಖದಲ್ಲಿ ಒಂಚೂರೂ ಭಯ ಇಲ್ಲ. ಯಾರದೋ ಮನೆಗೆ ಕಾಫಿಗೆ ಬಂದವರ ಹಾಗೆ ಕೂತಿರುತ್ತಾರೆ. ನನಗೆ ಬೇಸರ ತರಿಸಿದ್ದು ಆ ರೌಡಿಗಳ ಕಥೆ. ಎರಡನೇ ಭಾಗದಲ್ಲಿ ಅದು ಸ್ವಲ್ಪ ಜಾಸ್ತಿ ಎಳೆಯಿತು. ಅಪ್ಪ-ಮಗನ ಕಡೆಗೆ ಬೇಗ ವಾಪಸ್ ಬರಲಿ ಅನ್ನಿಸುತ್ತಿತ್ತು.

ಆಮೇಲೆ ತಿಥಿ. ಇದರ ಬಗ್ಗೆ ಬರೆಯೋದು ತುಂಬಾ ಇದೆ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರು ಸೇರಿ ಬರೆದ ಕಥೆ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲು. ನಟಿಸಿದವರಲ್ಲಿ ಹೆಚ್ಚಿನವರು ಅಲ್ಲಿಯವರೇ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು, 2016ರಲ್ಲಿ ನಮ್ಮಲ್ಲಿ ಬಿಡುಗಡೆ ಆಯಿತು. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಯಲ್ಲಿ ಹೋಗೋರನ್ನೆಲ್ಲ ಬೈಯುತ್ತಾ ಕೂತಿರುತ್ತಾನೆ. ಎದ್ದು ಹೋಗುತ್ತಾನೆ, ಗೋಡೆ ಪಕ್ಕ ಬೀಳುತ್ತಾನೆ, ಸಾಯುತ್ತಾನೆ. ಅಲ್ಲಿಂದ ಹನ್ನೊಂದನೇ ದಿನದ ತಿಥಿವರೆಗೆ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ, ಮೂವರದು ಮೂರು ದಾರಿ. ಬೈಗುಳ ಶುರುವಾದ ತಕ್ಷಣ ಅಮ್ಮ ಅಡುಗೆಮನೆಯಿಂದ ಈಚೆ ಬಂದು ನಿಂತರು. "ಇವನು ನಮ್ಮೂರ ಕಡೆಯವನೇ" ಅಂದರು. ಆಮೇಲೆ ಒಲೆ ಆರಿಸಿ ಬಂದು ಕೂತರು.

ಒಂದು ಮೊಟ್ಟೆಯ ಕಥೆ (2017) ತಮ್ಮನ ಆಯ್ಕೆ. ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ್ದು. ತಲೆಗೂದಲು ಉದುರಿದ ಕನ್ನಡ ಮೇಷ್ಟ್ರು ಜನಾರ್ದನನಿಗೆ ಹೆಣ್ಣು ಸಿಗುತ್ತಿಲ್ಲ. ನಗಿಸುತ್ತಲೇ ಮನಸ್ಸಿಗೆ ನಾಟುತ್ತೆ. ಕಾಲೇಜಿನ ಜವಾನ ಶ್ರೀನಿವಾಸನ ಪಾತ್ರ ಮಾಡಿದ ಪ್ರಕಾಶ್ ತುಮಿನಾಡು ಬಂದಾಗಲೆಲ್ಲ ಮನೆಯಲ್ಲಿ ನಗು.

ಕೊನೆಗೆ ಅಮ್ಮನ ಬೇಡಿಕೆ, ಭೂತಯ್ಯನ ಮಗ ಅಯ್ಯು (1974). ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕಥೆ, ಸಿದ್ದಲಿಂಗಯ್ಯ ನಿರ್ದೇಶನ. ಇಷ್ಟು ಹಳೆಯ ಸಿನಿಮಾ ಅಂತ ತಮ್ಮ ಮೊಬೈಲ್ ಹಿಡಿದುಕೊಂಡೇ ಕೂತಿದ್ದ. ಭೂತಯ್ಯ ಸತ್ತು, ಹೆಣ ಹೊರುವುದಕ್ಕೆ ಊರಿನ ಒಬ್ಬರೂ ಬಾರದ ದೃಶ್ಯ ಬಂದಾಗ ಮೊಬೈಲ್ ಕೆಳಗಿಟ್ಟ.

ಇವುಗಳನ್ನೆಲ್ಲ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇದು. ಮನೆಯಲ್ಲಿ ನಾವು ಸಿನಿಮಾ ನೋಡುವುದಕ್ಕಿಂತ ಕೇಳುವುದು ಜಾಸ್ತಿ. ಕುಕ್ಕರ್ ಕೂಗುತ್ತೆ, ಯಾರೋ ಬಾಗಿಲು ತಟ್ಟುತ್ತಾರೆ, ಬಟ್ಟೆ ಮಡಚುತ್ತಾ ಇರುತ್ತೇವೆ. ಕಣ್ಣು ಆಚೀಚೆ ಹೋಗುತ್ತೆ, ಕಿವಿ ಮಾತ್ರ ಟಿವಿ ಕಡೆಗೇ ಇರುತ್ತೆ. ಆಗ ಯಾವ ಊರಿನ ಕಥೆಯೋ ಆ ಊರಿನವರ ಹಾಗೇ ಮಾತಾಡುವ ಸಿನಿಮಾ ನಮ್ಮನ್ನು ಬಿಡುವುದಿಲ್ಲ. ಎಲ್ಲರೂ ಒಂದೇ ತರ, ಪುಸ್ತಕದ ಮಾತು ಅಥವಾ ಒಂದೇ ಬೆಂಗಳೂರಿನ ಮಾತು ಆಡಿದರೆ ಎದ್ದು ಹೋಗುವುದು ಸುಲಭ. ನಿಮಗೂ ಹೀಗೆ ಅನ್ನಿಸಿದೆಯಾ?

ಕಡಲತಡಿ

ಒಂದು ಮೊಟ್ಟೆಯ ಕಥೆ ಬಗ್ಗೆ ಒಂದು ಮಾತು ಸೇರಿಸಬೇಕು. ನಾವು ಮಂಗಳೂರಿನವರು ಸಿನಿಮಾದಲ್ಲಿ ನಮ್ಮ ಕನ್ನಡ ಕೇಳಿದ್ದು ಹೆಚ್ಚಾಗಿ ತಮಾಷೆಗೆ. ಯಾರೋ ಒಬ್ಬ ಹೋಟೆಲಿನವನು ಬಂದು "ಎಂತ ಮಾರಾಯ್ರೆ" ಅಂದು ಹೋಗುತ್ತಿದ್ದ, ಅಷ್ಟೇ ಅವನ ಕೆಲಸ. ಇದರಲ್ಲಿ ನಾಯಕನೇ ಹಾಗೆ ಮಾತಾಡುತ್ತಾನೆ. ಬೇಜಾರು, ಪ್ರೀತಿ, ಅವಮಾನ ಎಲ್ಲ ಅದೇ ಮಾತಿನಲ್ಲಿ ಬರುತ್ತೆ. ನಮ್ಮ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ನೋಡಿದ್ದು ಆ ಕಾರಣಕ್ಕೆ.

ಇನ್ನೊಂದು ಇಷ್ಟವಾದದ್ದು ರಾಜ್‌ಕುಮಾರ್ ಹಾಡುಗಳನ್ನು ಬಳಸಿದ ರೀತಿ. ಜನಾರ್ದನನಿಗೆ ಹೇಳಿಕೊಳ್ಳುವುದಕ್ಕೆ ಆಗದ್ದನ್ನು ಆ ಹಾಡುಗಳು ಹೇಳುತ್ತವೆ. ಇದೇ ಕಥೆ ಹಿಂದಿಗೆ 'ಉಜ್ಡಾ ಚಮನ್' ಅಂತ ಹೋಯಿತು. ಊರು ಬದಲಾದರೆ ಆ ಮೇಷ್ಟ್ರು ಬೇರೆಯೇ ಮನುಷ್ಯ ಆಗಿಬಿಡುತ್ತಾರೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತೆ.

ತುಂಗಾ_ನೀರು

ನಾನು ಪೂರ್ತಿ ಒಪ್ಪುವುದಿಲ್ಲ ಅಕ್ಕ. ಮಾತು ಮುಖ್ಯ, ನಿಜ. ಆದರೆ ಬರೀ ಕೇಳಿದರೆ ಏನೂ ಸಿಗದ ಸಿನಿಮಾ ಇವೆ, ಅವೂ ಮನೆಯಲ್ಲೇ ನನ್ನನ್ನು ಅಲ್ಲಾಡಿಸಿವೆ.

ಘಟಶ್ರಾದ್ಧ (1977) ತಗೊಳ್ಳಿ. ಗಿರೀಶ್ ಕಾಸರವಳ್ಳಿ ಅವರ ಮೊದಲ ಕಥಾಚಿತ್ರ, ಅನಂತಮೂರ್ತಿಯವರ ಕಥೆ, ಬಿ.ವಿ. ಕಾರಂತರ ಸಂಗೀತ, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಬಂದ ಚಿತ್ರ. ವೇದ ಕಲಿಯಲು ಅಗ್ರಹಾರಕ್ಕೆ ಬಂದ ನಾಣಿ ಅನ್ನುವ ಸಣ್ಣ ಹುಡುಗ, ಅಲ್ಲಿ ವೇದ ಹೇಳಿಕೊಡುವ ಉಡುಪರ ಮಗಳು ವಿಧವೆ ಯಮುನಾ. ಈ ಹುಡುಗ ಕಂಡದ್ದಷ್ಟೇ ನಮಗೂ ಕಾಣುತ್ತೆ. ಅವನಿಗೆ ಅರ್ಥ ಆಗದ್ದನ್ನು ನಾವು ಅರ್ಥ ಮಾಡಿಕೊಳ್ಳುತ್ತಾ ಹೋಗುತ್ತೇವೆ. ಯಮುನಕ್ಕ ಹುತ್ತದ ಕೋವಿಗೆ ಕೈ ಹಾಕುವ ದೃಶ್ಯ ಇದೆ. ಅಲ್ಲಿ ಮಾತಿನ ಕೆಲಸ ಏನೂ ಇಲ್ಲ. ಆ ಕೈಯನ್ನು, ಆ ಹುಡುಗನ ಮುಖವನ್ನು ನೋಡಬೇಕು. ಬಟ್ಟೆ ಮಡಚುತ್ತಾ ಇದ್ದರೆ ಸಿನಿಮಾದ ಜೀವವೇ ತಪ್ಪಿಹೋಗುತ್ತೆ.

ನಾನು ಮೊದಲು ನೋಡಿದ್ದು ಯಾರೋ ಕಂಪ್ಯೂಟರ್‌ಗೆ ಹಾಕಿಕೊಂಡಿದ್ದ ಮಸುಕು ಮಸುಕಾದ ಪ್ರತಿ. ಮುಖ ಕಂಡರೆ ಕಣ್ಣು ಕಾಣುತ್ತಿರಲಿಲ್ಲ. ಈಗ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು ಮತ್ತೆ ಸರಿಪಡಿಸಿವೆ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನ ಆಯಿತು. ಆ ಪ್ರತಿ ಎಲ್ಲರ ಮನೆಗೂ ಸಿಗುವ ಹಾಗೆ ಆಗಬೇಕು ಅನ್ನುವುದು ನನ್ನ ಆಸೆ. ಕಪ್ಪು-ಬಿಳುಪಿನಲ್ಲಿ ನೆರಳೇ ಅರ್ಧ ಕಥೆ ಹೇಳುವ ಸಿನಿಮಾ ಅದು. ಮಸುಕಾದ ಪ್ರತಿಯಲ್ಲಿ ನೋಡಿದವರು ಸಿನಿಮಾ ನೋಡಿಯೇ ಇಲ್ಲ ಅಂತಲೇ ನಾನು ಹೇಳುವುದು.

ಬೆಣ್ಣೆದೋಸೆ

ಗೋಧಿ ಬಣ್ಣ ನೋಡಿ ನಾನು ನನ್ನ ಅಪ್ಪನಿಗೆ ಫೋನ್ ಮಾಡಿದೆ. ಬೇರೆ ಏನೂ ಹೇಳುವುದಕ್ಕಿಲ್ಲ.

ಮಂಡ್ಯದ_ಕಬ್ಬು

ತಿಥಿ ಬಗ್ಗೆ ಹೇಮಾವತಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಆ ಕಡೆಯವನೇ.

ಹೊರಗಿನವರು ಅದನ್ನು ಹಾಸ್ಯದ ಸಿನಿಮಾ ಅಂದುಕೊಂಡು ನೋಡುತ್ತಾರೆ. ನಗು ಬರುತ್ತೆ, ಸುಳ್ಳಲ್ಲ. ಆದರೆ ತಮ್ಮಣ್ಣನನ್ನು ಸ್ವಲ್ಪ ಗಮನಿಸಿ. ಐದು ಎಕರೆ ಜಮೀನು ತಾತನ ಹೆಸರಿನಲ್ಲಿದೆ. ತಾತ ಸತ್ತ. ಈಗ ಅದು ಅಪ್ಪನ ಹೆಸರಿಗೆ ಬರಬೇಕು. ಅಪ್ಪನಿಗೆ ಜಮೀನೂ ಬೇಡ, ಕಾಗದವೂ ಬೇಡ. ಬ್ರಾಂದಿ ಬಾಟಲಿ ಜೇಬಿನಲ್ಲಿದ್ದರೆ ನಡೆಯುತ್ತಾ ಹೋಗುತ್ತಾನೆ. ಅದಕ್ಕೆ ತಮ್ಮಣ್ಣ ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸುತ್ತಾನೆ, ಕೈಗೆ ದುಡ್ಡು ಕೊಟ್ಟು ದೇಶ ಸುತ್ತಿ ಬಾ ಅಂತ ಕಳಿಸುತ್ತಾನೆ. ನಮ್ಮಲ್ಲಿ ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ ಓಡಾಡಿದವರಿಗೆ ಈ ಕಷ್ಟ ಗೊತ್ತು. ಪಹಣಿಯಲ್ಲಿ ಸತ್ತವರ ಹೆಸರೇ ಇನ್ನೂ ಇರುವ ಮನೆಗಳು ಊರೂರಲ್ಲಿ ಇವೆ. ತಮ್ಮಣ್ಣ ಕೆಟ್ಟವನಲ್ಲ. ಸಾಲ, ತಿಥಿ ಊಟ, ಜಮೀನು ಕೊಳ್ಳುವವನು, ಎಲ್ಲದರ ನಡುವೆ ಸಿಕ್ಕಿಬಿದ್ದವನು. ನಟಿಸಿದ ಮನುಷ್ಯನ ಮುಖದಲ್ಲಿ ಆ ಸುಸ್ತು ಹೇಗಿದೆ ನೋಡಿ.

ಗಡ್ಡಪ್ಪ ಕುರಿಗಾಹಿಗಳ ಜೊತೆ ಕೂತು ತನ್ನ ಹಳೆ ಕಥೆ ಹೇಳುವ ರಾತ್ರಿ ಇದೆಯಲ್ಲ, ಅದು ನನಗೆ ಇಡೀ ಚಿತ್ರದಲ್ಲಿ ದೊಡ್ಡದು. ಅಲ್ಲಿವರೆಗೂ ನಾವು ನಗುತ್ತಿದ್ದ ಮುದುಕ. ಯಾಕೆ ಇವನು ಯಾವುದನ್ನೂ ಹಚ್ಚಿಕೊಳ್ಳುವುದಿಲ್ಲ ಅನ್ನುವುದು ಅಲ್ಲಿ ಗೊತ್ತಾಗುತ್ತೆ. ದನಿ ಏರಿಸದೆ, ಅಳದೆ ಹೇಳುತ್ತಾನೆ. ಹಿಂದೆ ಪಿಟೀಲು ಗಿಟೀಲು ಏನೂ ಇಲ್ಲ. ನೋಡದವರಿಗಾಗಿ ಆ ಕಥೆ ಏನು ಅಂತ ಬರೆಯುವುದಿಲ್ಲ.

ದೂರದೂರಿಂದ

ನಾನು ಕನ್ನಡನಾಡಿನಿಂದ ಬಹಳ ದೂರ ಇದ್ದೇನೆ. ಮಕ್ಕಳಿಗೆ ಕನ್ನಡ ಬರುತ್ತೆ, ಆದರೆ ನಮ್ಮ ಮನೆಯ ಕನ್ನಡ ಮಾತ್ರ. ತಿಥಿ ಹಾಕಿದಾಗ ಅರ್ಧ ಅರ್ಥ ಆಗಲಿಲ್ಲ ಅಂದರು. ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಮನೆಯಲ್ಲಿ ನೋಡುವುದರ ಲಾಭ ಅದು. ಥಿಯೇಟರಿನಲ್ಲಿ ಯಾರು ನಿಲ್ಲಿಸುತ್ತಾರೆ?

ಮಕ್ಕಳಿಗೆ ತುಂಬಾ ಇಷ್ಟ ಆಗಿದ್ದು ಬೆಟ್ಟದ ಹೂವು (1985). ಪುನೀತ್ ಆಗ ಚಿಕ್ಕ ಹುಡುಗ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕಾಡಿನ ಹೂವು ಮಾರಿ ದುಡ್ಡು ಕೂಡಿಸಿ ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಬೇಕು ಅನ್ನುವ ಹುಡುಗನ ಕಥೆ. ಕೊನೆಯಲ್ಲಿ ಆ ದುಡ್ಡಿನಿಂದ ಅವನು ಏನು ತರುತ್ತಾನೆ ಅಂತ ನೋಡಿ ನನ್ನ ಮಗಳು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಆ ಪುಸ್ತಕ ನಮ್ಮ ಮನೆಯಲ್ಲಿ ಇದೆಯಾ ಅಂತ ಕೇಳಿದಳು.

ಸರ್ಕಿಟ್_ಬೋರ್ಡ್

ಕಿವಿ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಮನೆಯಲ್ಲಿ ಮಾತು ಕೇಳಿಸುವುದಿಲ್ಲ, ಹಾಡು ಬಂದರೆ ಕಿಟಕಿ ಅದುರುತ್ತೆ, ರಿಮೋಟ್ ಕೈಯಲ್ಲೇ ಇಟ್ಟುಕೊಂಡಿರಬೇಕು ಅಂತ ಎಲ್ಲರ ದೂರು ಅಲ್ವಾ? ಇದಕ್ಕೆ ಕಾರಣ ಇದೆ. ಥಿಯೇಟರಿಗಾಗಿ ಧ್ವನಿಯನ್ನು ಬೇರೆ ಬೇರೆ ಸ್ಪೀಕರ್‌ಗಳಿಗೆ ಹಂಚಿರುತ್ತಾರೆ. ಮಾತು ಹೆಚ್ಚಾಗಿ ಮಧ್ಯದ ಸ್ಪೀಕರ್‌ನಿಂದ ಬರುತ್ತೆ. ನಮ್ಮ ಟಿವಿಯಲ್ಲಿ ಇರುವುದು ಎರಡೇ ಸಣ್ಣ ಸ್ಪೀಕರ್. ಎಲ್ಲವನ್ನೂ ಅದರೊಳಗೇ ತುರುಕಿದಾಗ ಮಾತು ಹೂತುಹೋಗುತ್ತೆ. ಜೊತೆಗೆ ಥಿಯೇಟರಿನ ಮಿಶ್ರಣದಲ್ಲಿ ಪಿಸುಮಾತಿಗೂ ಅಬ್ಬರಕ್ಕೂ ಇರುವ ಅಂತರ ತುಂಬಾ ದೊಡ್ಡದು. ಬೀದಿಯ ಗದ್ದಲ ಒಳಗೆ ಬರುವ ಮನೆಯಲ್ಲಿ ಪಿಸುಮಾತು ಕೇಳುವುದು ಕಷ್ಟ.

ಮಾಡಬಹುದಾದದ್ದು ಸುಲಭ. ಸಿನಿಮಾ ಶುರುವಾದಾಗ ಆಡಿಯೊ ಆಯ್ಕೆಯಲ್ಲಿ 5.1 (ಹಲವು ಸ್ಪೀಕರ್‌ಗಳಿಗೆ ಹಂಚಿದ್ದು) ಬದಲು ಸ್ಟೀರಿಯೊ (ಎರಡೇ ಸ್ಪೀಕರ್‌ಗೆ ಮಾಡಿದ್ದು) ಇದ್ದರೆ ಅದನ್ನು ಹಾಕಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಮಾತು ಎತ್ತಿ ಕೇಳಿಸುವ ಆಯ್ಕೆ ಬಹಳ ಟಿವಿಗಳಲ್ಲಿ ಇರುತ್ತೆ, ನೈಟ್ ಮೋಡ್ ಕೂಡ ಇರುತ್ತೆ. ಅದು ಅಬ್ಬರವನ್ನು ತಗ್ಗಿಸುತ್ತೆ.

ಚಿತ್ರಕ್ಕೂ ಒಂದು ಮಾತು. ಹೊಸ ಟಿವಿಯಲ್ಲಿ ಸಿನಿಮಾ ಧಾರಾವಾಹಿ ತರ ಕಾಣುತ್ತೆ ಅನ್ನುವವರು ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರ. ಟಿವಿ ಮಧ್ಯ ಮಧ್ಯ ತಾನೇ ಚಿತ್ರ ಹುಟ್ಟಿಸಿ ಸೇರಿಸುತ್ತೆ, ಅದಕ್ಕೆ ಆ ನುಣುಪು. ಹಳೆ ಸಿನಿಮಾ ನೋಡುವಾಗ ಪರದೆ ಪೂರ್ತಿ ತುಂಬಲಿ ಅಂತ ಎಳೆಯಬೇಡಿ. ಅಕ್ಕಪಕ್ಕ ಕಪ್ಪು ಪಟ್ಟಿ ಇದ್ದರೆ ಇರಲಿ. ಎಳೆದರೆ ಎಲ್ಲರ ಮುಖ ಅಗಲ ಆಗುತ್ತೆ. ತುಂಗಾ ಅವರು ಹೇಳಿದ ಆ ಹುಡುಗನ ಮುಖ ಸರಿಯಾಗಿ ಕಾಣಬೇಕು ಅಂದರೆ ಇದು ಬೇಕೇ ಬೇಕು.

ಹೇಮಾವತಿ_ದಡ

ಸರ್ಕಿಟ್ ಬೋರ್ಡ್ ಅವರೇ, ಸ್ಟೀರಿಯೊ ಹಾಕಿ ತಿಥಿಯ ಆ ಕುರಿಗಾಹಿಗಳ ರಾತ್ರಿಯನ್ನು ಮತ್ತೆ ನೋಡಿದೆವು. ಗಡ್ಡಪ್ಪನ ಮಾತು ಒಂದೂ ತಪ್ಪದೆ ಕೇಳಿಸಿತು. ತುಂಬಾ ಥ್ಯಾಂಕ್ಸ್.

ತುಂಗಾ, ನಿಮ್ಮ ಮಾತಿನಲ್ಲಿ ತೂಕ ಇದೆ. ಆದರೆ ಘಟಶ್ರಾದ್ಧ ಮಧ್ಯಾಹ್ನ ಕೆಲಸದ ನಡುವೆ ಹಾಕುವ ಸಿನಿಮಾ ಅಲ್ಲವೇ ಅಲ್ಲ. ಅದಕ್ಕೆ ದೀಪ ಆರಿಸಿ, ಫೋನ್ ಬೇರೆ ಕೋಣೆಯಲ್ಲಿಟ್ಟು ಕೂರಬೇಕು. ನಾನು ಹೇಳಿದ್ದು ಎಲ್ಲರೂ ಓಡಾಡುತ್ತಾ ಇರುವ ಮನೆಯ ವಿಷಯ. ಅಲ್ಲಿ ಅಡುಗೆಮನೆಯಲ್ಲಿರುವವರನ್ನು ಕರೆತರುವುದು ಧ್ವನಿಯೇ. ಅಂಥ ಮನೆಯಲ್ಲಿ ಸಿನಿಮಾ ಅಂದರೆ ಹೆಚ್ಚಾಗಿ ಹೆಂಗಸರ ಪಾಲಿಗೆ ಅರ್ಧ ಕೇಳಿದ್ದು, ಅರ್ಧ ನೋಡಿದ್ದು. ಅಮ್ಮ ಭೂತಯ್ಯನ ಮಗ ಅಯ್ಯು ಇಡೀ ಕಥೆ ಹೇಳುತ್ತಾರೆ. ಮೊದಲಿಂದ ಕೊನೆವರೆಗೂ ಒಂದೇ ಕಡೆ ಕೂತು ನೋಡಿದ್ದು ಈ ಸಲವೇ ಅಂತೆ.

ಹುಬ್ಬಳ್ಳಿ_ಗಿರಮಿಟ್

ಇಷ್ಟು ಹೊತ್ತು ಮಂಡ್ಯ, ಮಂಗಳೂರು, ಮಲೆನಾಡು. ನಮ್ಮ ಕಡೆಗೂ ಬರ್ರಿ.

ಶಿವಮ್ಮ ಯರೇಹಂಚಿನಾಳ ನೋಡಿದ್ದೀರಾ? ಜೈಶಂಕರ್ ಆರ್ಯರ್ ನಿರ್ದೇಶನ, ರಿಷಬ್ ಶೆಟ್ಟಿ ನಿರ್ಮಾಣ. 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು, ಇಲ್ಲಿ ಥಿಯೇಟರಿಗೆ ಬಂದಿದ್ದು 2024ರಲ್ಲಿ. ಕೊಪ್ಪಳ ಜಿಲ್ಲೆಯ ಹಳ್ಳಿ. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ಕಾಯಿಲೆ ಬಿದ್ದ ಗಂಡ, ಮನೆ ತುಂಬಾ ತಾಪತ್ರಯ. ಶಕ್ತಿ ಬರುತ್ತೆ ಅನ್ನುವ ಒಂದು ಪುಡಿಯ ಚೈನ್ ವ್ಯಾಪಾರಕ್ಕೆ ದುಡ್ಡು ಹಾಕುತ್ತಾಳೆ. ಆಮೇಲೆ ಊರಿನವರನ್ನೂ ಸೇರಿಸಲು ಹೊರಡುತ್ತಾಳೆ. ಶಿವಮ್ಮ ಆಗಿರುವವರು ಶರಣಮ್ಮ ಚಟ್ಟಿ. ಒಂದು ಚೂರೂ ನಟನೆ ಅನ್ನಿಸುವುದಿಲ್ಲ.

ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ಅಂದರೆ ಜೋರಾಗಿ ಕೂಗುವುದು, ನಾಲ್ಕು ಬೈಗುಳ, ಒಂದು ರೊಟ್ಟಿ ಅಂತ ಆಗಿಬಿಟ್ಟಿತ್ತು. ಈ ಸಿನಿಮಾದಲ್ಲಿ ಜನ ಮೆತ್ತಗೂ ಮಾತಾಡುತ್ತಾರೆ. ಸಾಲ ಕೇಳುವಾಗ ದನಿ ಹೇಗೆ ಇಳಿಯುತ್ತೆ, ಮಾರುವಾಗ ಅದೇ ದನಿ ಹೇಗೆ ಏರುತ್ತೆ ಅಂತ ಕೇಳಿ. ನಮ್ಮ ಓಣಿಯಲ್ಲೂ ಇಂಥ ಪುಡಿ, ಇಂಥ ಮೀಟಿಂಗು ಬಂದು ಹೋಗಿವೆ. ಕಳೆದುಕೊಂಡವರು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ, ಯಾಕೆಂದರೆ ಸೇರಿಸಿದ್ದು ಸ್ವಂತ ಅಕ್ಕನೋ ನಾದಿನಿಯೋ ಆಗಿರುತ್ತಾರೆ.

ಬೆಣ್ಣೆದೋಸೆ

ಸಪ್ತ ಸಾಗರದಾಚೆ ಎಲ್ಲೋ ಯಾರೂ ಎತ್ತಲಿಲ್ಲವಲ್ಲ! 2023ರಲ್ಲಿ ಎರಡು ಭಾಗವಾಗಿ ಬಂದಿದ್ದು. ಗೋಧಿ ಬಣ್ಣದ ನಿರ್ದೇಶಕರೇ. ಮನೆಯಲ್ಲಿ ಎರಡನ್ನೂ ಬೆನ್ನಿಗೆ ಬೆನ್ನಿಗೆ ನೋಡಿದೆ. ಮೊದಲ ಭಾಗ ನನಗೆ ತುಂಬಾ ಹಿಡಿಸಿತು. ಮನೆ ಮಾಡಿಕೊಳ್ಳುವ ಆಸೆಗೆ ಬೇರೆಯವರ ತಪ್ಪನ್ನು ಮೈಮೇಲೆ ಹಾಕಿಕೊಂಡು ಜೈಲಿಗೆ ಹೋಗುವ ಮನು, ಹೊರಗೆ ಕಾಯುವ ಪ್ರಿಯಾ. ರುಕ್ಮಿಣಿ ವಸಂತ್ ಅವರ ಕಣ್ಣೇ ಮಾತಾಡುತ್ತೆ. ಎರಡನೇ ಭಾಗ ಭಾರ ಆಯಿತು. ಮನು ಅವಳ ಹಿಂದೆ ಹಿಂದೆ ಹೋಗುವುದನ್ನು ಪ್ರೀತಿ ಅಂತ ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ. ಚರಣ್ ರಾಜ್ ಸಂಗೀತ ಎರಡರಲ್ಲೂ ಚೆನ್ನಾಗಿದೆ.

ಕಡಲತಡಿ

ಎರಡನೇ ಭಾಗದ ಬಗ್ಗೆ ನಾನು ನಿಮ್ಮ ಪಕ್ಷ.

ನೋಟ್‌ಬುಕ್_ಕೊನೆಪುಟ

ಗಂಟುಮೂಟೆ (2019) ದಯವಿಟ್ಟು ನೋಡಿ. ರೂಪಾ ರಾವ್ ನಿರ್ದೇಶನ, ತೇಜು ಬೆಳವಾಡಿ ಮೀರಾ ಪಾತ್ರದಲ್ಲಿ. ತೊಂಬತ್ತರ ದಶಕದ ಬೆಂಗಳೂರಿನ ಶಾಲೆ, ಹದಿಹರೆಯದ ಹುಡುಗಿಯ ಮೊದಲ ಪ್ರೀತಿ. ಕಥೆಯನ್ನು ಅವಳೇ ಹೇಳುತ್ತಾಳೆ. ನಮ್ಮ ಸಿನಿಮಾಗಳಲ್ಲಿ ಹುಡುಗ ಹುಡುಗಿಯನ್ನು ನೋಡುವುದೇ ಜಾಸ್ತಿ. ಇಲ್ಲಿ ಹುಡುಗಿ ಹುಡುಗನನ್ನು ನೋಡುತ್ತಾಳೆ, ನಾಚಿಕೆ ಇಲ್ಲದೆ, ತಪ್ಪು ಅನ್ನುವ ಭಾವ ಇಲ್ಲದೆ. ನನ್ನ ಅಕ್ಕನ ಮಗಳ ಜೊತೆ ನೋಡಿದೆ. ಮುಗಿದ ಮೇಲೆ ಅವಳು ತನ್ನ ಶಾಲೆಯ ಬಗ್ಗೆ ಯಾವತ್ತೂ ಹೇಳದ ಮಾತುಗಳನ್ನು ಹೇಳಿದಳು. ಕೊನೆ ಭಾಗ ಎದೆಗೆ ಭಾರ ಆಗುತ್ತೆ. ಪರೀಕ್ಷೆ, ಅಂಕ ಅಂತ ಒದ್ದಾಡುವ ಮಕ್ಕಳು ಮನೆಯಲ್ಲಿದ್ದರೆ ಜೊತೆಗೇ ಕೂತು ನೋಡಿ, ಒಬ್ಬರನ್ನೇ ಬಿಡಬೇಡಿ.

ಹೇಮಾವತಿಯವರೇ, ಇದು ಪೂರ್ತಿ ಬೆಂಗಳೂರಿನ ಕಥೆ. ಆದರೂ ನೀವು ಹೇಳಿದ "ಒಂದೇ ಬೆಂಗಳೂರಿನ ಮಾತು" ಇದರಲ್ಲಿ ಇಲ್ಲ. ಬೆಂಗಳೂರಿಗೂ ತನ್ನದೇ ಮಾತು ಇದೆ ಅಲ್ವಾ?

ಹೇಮಾವತಿ_ದಡ

ಖಂಡಿತ ಇದೆ. ಶಾಲೆ ಮಕ್ಕಳು ಹೇಗೆ ಮಾತಾಡುತ್ತಾರೋ ಹಾಗೇ ಬರೆದರೆ ಅದೂ ಊರಿನ ಮಾತೇ. ನನ್ನ ಜಗಳ ಎಲ್ಲ ಊರಿನವರ ಬಾಯಿಗೂ ಒಂದೇ ಮಾತು ತುಂಬುವವರ ಜೊತೆ. ಗಂಟುಮೂಟೆ ಪಟ್ಟಿಗೆ ಸೇರಿತು. ಶಿವಮ್ಮ ಕೂಡ.

ಕನ್ನಡಕ_ಒರೆಸಿ

ಇಷ್ಟು ಹೊತ್ತು ಓದುತ್ತಾ ಇದ್ದೆ. ನನ್ನದು ಬೇರೆ ಕಷ್ಟ. ನನ್ನ ತಂದೆಗೆ ಕಿವಿ ತುಂಬಾ ಮಂದ. ಕನ್ನಡ ಪತ್ರಿಕೆ ದಿನಾ ಓದುತ್ತಾರೆ, ಇಂಗ್ಲಿಷ್ ಬರುವುದಿಲ್ಲ. ನಾವು ಹಾಕುವ ಕನ್ನಡ ಸಿನಿಮಾಗಳಲ್ಲಿ ಕೆಳಗೆ ಬರುವ ಸಾಲು ಇಂಗ್ಲಿಷಿನಲ್ಲೇ ಇರುತ್ತೆ. ಕನ್ನಡದ ಮಾತನ್ನು ಕನ್ನಡದಲ್ಲೇ ಬರೆದು ತೋರಿಸಿದರೆ ಅವರು ಎಲ್ಲವನ್ನೂ ನೋಡುತ್ತಿದ್ದರು. ಗೋಧಿ ಬಣ್ಣ ಹಾಕಿದಾಗ ಪಕ್ಕದಲ್ಲಿ ಕೂತು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದೆ. ಅನಂತ್ ನಾಗ್ ಮುಖ ನೋಡಿ ಅವರೇ ಬಹಳಷ್ಟು ಅರ್ಥ ಮಾಡಿಕೊಂಡರು. ಆದರೆ ಅಪ್ಪ-ಮಗನ ಮಾತು ಬಂದಾಗ ಹಾಳೆ ಸಾಲುವುದಿಲ್ಲ.

ದೂರದೂರಿನವರು ಹೇಳಿದ ಮಕ್ಕಳಿಗೂ ಇದರಿಂದ ಅನುಕೂಲ. ಮಂಡ್ಯದ ಮಾತು ಕಿವಿಗೆ ಬಿದ್ದು ಕಣ್ಣಿಗೂ ಕನ್ನಡದಲ್ಲೇ ಕಂಡರೆ ಬೇಗ ಕಲಿಯುತ್ತಾರೆ.

ಸರ್ಕಿಟ್_ಬೋರ್ಡ್

ಇದು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಸಬ್‌ಟೈಟಲ್ ಅಂದರೆ ಯಾವ ಕ್ಷಣದಿಂದ ಯಾವ ಕ್ಷಣದವರೆಗೆ ಯಾವ ಸಾಲು ಅಂತ ಇರುವ ಒಂದು ಸಣ್ಣ ಪಠ್ಯದ ಫೈಲ್. ಸಂಭಾಷಣೆ ಹೇಗೂ ಕನ್ನಡದಲ್ಲೇ ಬರೆದಿರುತ್ತಾರೆ, ಇಂಗ್ಲಿಷ್ ಸಾಲಿಗೆ ಸಮಯ ಗುರುತಿಸಿರುತ್ತಾರೆ. ಎರಡನ್ನೂ ಸೇರಿಸಿದರೆ ಅರ್ಧ ಕೆಲಸ ಮುಗಿಯಿತು. ಆ್ಯಪ್‌ಗಳಲ್ಲಿ ದೂರು ಅಥವಾ ಸಲಹೆ ಕಳಿಸುವ ಜಾಗ ಇರುತ್ತೆ. ಕನ್ನಡ ಸಿನಿಮಾಗೆ ಕನ್ನಡ ಸಬ್‌ಟೈಟಲ್ ಬೇಕು ಅಂತ ನಾವು ಒಬ್ಬೊಬ್ಬರೂ ಬರೆಯೋಣ. ನಾನು ಇವತ್ತೇ ಬರೆಯುತ್ತೇನೆ.

ಮಂಡ್ಯದ_ಕಬ್ಬು

ನಾನೂ ಬರೆಯುತ್ತೇನೆ. ಒಂದು ಮಾತು: ಹಾಗೆ ಹಾಕಿದರೆ ಆಡಿದ ಹಾಗೇ ಹಾಕಬೇಕು. ಸೆಂಚುರಿ ಗೌಡನ ಬೈಗುಳವನ್ನು ತಿದ್ದಿ, ತೊಳೆದು, ಪುಸ್ತಕದ ಕನ್ನಡ ಮಾಡಬಾರದು.

ಕನ್ನಡಕ ಅವರೇ, ಅಲ್ಲಿವರೆಗೆ ನಿಮ್ಮ ತಂದೆಯವರಿಗೆ ಭೂತಯ್ಯನ ಮಗ ಅಯ್ಯು ಹಾಕಿ. ಲೋಕನಾಥ್ ಅವರ ಉಪ್ಪಿನಕಾಯಿ ದೃಶ್ಯಕ್ಕೆ ಕಿವಿ ಬೇಕಿಲ್ಲ. ಕೊನೆಯ ಪ್ರವಾಹಕ್ಕೂ ಬೇಕಿಲ್ಲ.

ಕನ್ನಡಕ_ಒರೆಸಿ

ಅವರು ಅದನ್ನು ಚಿಕ್ಕಮಗಳೂರಿನಲ್ಲಿ ಬಿಡುಗಡೆಯಾದಾಗಲೇ ನೋಡಿದವರು. ಹೆಸರು ಹಾಳೆಯಲ್ಲಿ ಬರೆದು ತೋರಿಸಿದೆ. ಭಾನುವಾರ ಹಾಕು, ನಿನ್ನ ಚಿಕ್ಕಪ್ಪನನ್ನೂ ಕರಿ ಅಂದಿದ್ದಾರೆ.